ಮೊದಲು ಸಾಹೇಬರನ್ನೇ ಅನುಮಾನಿಸಿ

ಸಿಡ್ನಿಯ ಒಪೆರಾ ಹೌಸ್‌ಗೆ ಎಂಜಿನಿಯರಿಂಗ್ ಲೆಕ್ಕ ಹಾಕಿಕೊಟ್ಟ ಬ್ರಿಟನ್ನಿನ ಅರೂಪ್ ಕಂಪನಿ 2024ರ ಆರಂಭದಲ್ಲಿ ಒಂದು ವಿಡಿಯೊ ಕಾಲ್‌ನಿಂದ ಸುಮಾರು 200 ಕೋಟಿ ರೂಪಾಯಿ ಕಳೆದುಕೊಂಡಿತು. ಅದರ ಹಾಂಗ್‌ಕಾಂಗ್ ಕಚೇರಿಯ ಹಣಕಾಸು ವಿಭಾಗದ ನೌಕರರೊಬ್ಬರಿಗೆ ಬ್ರಿಟನ್ನಿನ ಮುಖ್ಯ ಹಣಕಾಸು ಅಧಿಕಾರಿಯ ಹೆಸರಲ್ಲಿ ಒಂದು ಸಂದೇಶ ಬಂತು: ಗುಟ್ಟಿನ ವ್ಯವಹಾರ, ಹಣ ಕಳಿಸಬೇಕು. ಅವರಿಗೆ ಅನುಮಾನ ಬಂದದ್ದು ಹೌದು. ಆದರೆ ಆಮೇಲಿನ ವಿಡಿಯೊ ಸಭೆಯಲ್ಲಿ ಆ ಅಧಿಕಾರಿಯೇ ಕಾಣಿಸಿಕೊಂಡರು, ಪರಿಚಯದ ಸಹೋದ್ಯೋಗಿಗಳೂ ಇದ್ದರು. ಎಲ್ಲವೂ ಎಐ ಹೆಣೆದ ಮುಖಗಳು. 15 ಸಲ ಹಣ ವರ್ಗಾವಣೆಯಾಯಿತು. ಒಟ್ಟು 20 ಕೋಟಿ ಹಾಂಗ್‌ಕಾಂಗ್ ಡಾಲರ್.

ಉದ್ಯಮಿಗಳ ಸಮಾವೇಶಗಳಲ್ಲಿ ಈ ಕಥೆಯನ್ನು ಭದ್ರತಾ ಸಾಫ್ಟ್‌ವೇರ್ ಮಾರುವವರು ಬಹಳ ಪ್ರೀತಿಯಿಂದ ಹೇಳುತ್ತಾರೆ. ಎಐ ದಾಳಿಗೆ ಎಐಯೇ ಉತ್ತರ, ಹಾಗಾಗಿ ನಮ್ಮ ಉತ್ಪನ್ನ ಕೊಳ್ಳಿ. ಅವರು ಹೇಳದೆ ಬಿಡುವ ಸಂಗತಿ ಒಂದಿದೆ. ಅರೂಪ್‌ನ ಕಂಪ್ಯೂಟರ್ ವ್ಯವಸ್ಥೆಗೆ ಯಾರೂ ಕನ್ನ ಹಾಕಿರಲಿಲ್ಲ. ಪಾಸ್‌ವರ್ಡ್ ಕದ್ದಿರಲಿಲ್ಲ, ವೈರಸ್ ನುಗ್ಗಿಸಿರಲಿಲ್ಲ. ನೌಕರರೊಬ್ಬರು ತಮಗೆ ಬಂದ ಅನುಮಾನವನ್ನು ಮೇಲಧಿಕಾರಿಯ ಮುಖ ನೋಡಿದ ಕೂಡಲೇ ನುಂಗಿಕೊಂಡರು, ಅಷ್ಟೆ. ಹಾಗೆ ನುಂಗಿಕೊಳ್ಳುವುದನ್ನು ಕಲಿಸಿದವರು ಯಾರು?

ನಮ್ಮ ಕಚೇರಿಗಳನ್ನೇ ನೋಡಿ. ಶುಕ್ರವಾರ ಸಂಜೆ ಐದೂವರೆಗೆ ಎಂಡಿಯ ಫೋನು ಬರುತ್ತದೆ. 'ಈಗಲೇ ಆರ್‌ಟಿಜಿಎಸ್ ಮಾಡಿ, ಕಾಗದಪತ್ರ ಸೋಮವಾರ ನೋಡೋಣ.' ಅಕೌಂಟೆಂಟ್ 'ಸರಿ ಸಾರ್' ಎನ್ನುತ್ತಾನೆ. 'ಒಂದ್ನಿಮಿಷ ಫೋನಿಡಿ ಸಾರ್, ನಾನೇ ವಾಪಸ್ ಕಾಲ್ ಮಾಡ್ತೀನಿ' ಎಂದವನಿಗೆ ಮುಂದಿನ ಇನ್‌ಕ್ರಿಮೆಂಟಿನಲ್ಲಿ ಏನು ಕಾದಿದೆ ಎಂಬುದು ಇಡೀ ವಿಭಾಗಕ್ಕೆ ಗೊತ್ತು. ಅವಸರ, ಗುಟ್ಟು, ದರ್ಪ: ವಂಚಕನ ಬಂಡವಾಳ ಈ ಮೂರೇ. ಮೂರನ್ನೂ ಅವನು ಹೊರಗಿನಿಂದ ತರುವುದಿಲ್ಲ, ನಮ್ಮ ಸಾಹೇಬರುಗಳ ದಿನನಿತ್ಯದ ನಡವಳಿಕೆಯಿಂದಲೇ ಎತ್ತಿಕೊಳ್ಳುತ್ತಾನೆ. ಎಐ ಕೊಟ್ಟದ್ದು ಮುಖ ಮತ್ತು ದನಿಯನ್ನು ಮಾತ್ರ.

ಉಳಿದುಕೊಂಡ ಕಂಪನಿಗಳನ್ನು ನೋಡಿದರೂ ಇದೇ ತಿಳಿಯುತ್ತದೆ. 2024ರ ಜುಲೈಯಲ್ಲಿ ಫೆರಾರಿಯ ಅಧಿಕಾರಿಯೊಬ್ಬರಿಗೆ ಸಿಇಒ ಬೆನೆಡೆಟ್ಟೊ ವಿನ್ಯಾ ಅವರದೇ ದನಿಯಲ್ಲಿ ಕರೆ ಬಂತು. ಆ ಅಧಿಕಾರಿ ಯಾವ ತಂತ್ರಜ್ಞಾನವನ್ನೂ ಬಳಸಲಿಲ್ಲ. 'ಕೆಲ ದಿನಗಳ ಹಿಂದೆ ನನಗೆ ಓದಲು ಹೇಳಿದ ಪುಸ್ತಕ ಯಾವುದು?' ಎಂದು ಕೇಳಿದರು. ಆ ಕಡೆಯಿಂದ ಕರೆ ಕಡಿದುಹೋಯಿತು. ಅದೇ ವರ್ಷ ಏರ್‌ಟೆಲ್‌ನ ಸುನಿಲ್ ಮಿತ್ತಲ್ ತಮ್ಮ ಅನುಭವವನ್ನು ಸಾರ್ವಜನಿಕ ವೇದಿಕೆಯಲ್ಲೇ ಹೇಳಿಕೊಂಡರು: ದುಬೈಯಲ್ಲಿರುವ ಅವರ ಹಣಕಾಸು ಅಧಿಕಾರಿಗೆ ಅವರ ದನಿಯಲ್ಲೇ ಕರೆ ಮಾಡಿ ದೊಡ್ಡ ಮೊತ್ತ ಕಳಿಸಲು ಹೇಳಲಾಗಿತ್ತು. ಅಧಿಕಾರಿ ಎಚ್ಚರದಿಂದಿದ್ದರು, ಕಳಿಸಲಿಲ್ಲ. ಧ್ವನಿಮುದ್ರಣ ಕೇಳಿದ ಮಿತ್ತಲ್ ದಂಗಾದರಂತೆ, ಅಷ್ಟು ತಮ್ಮದೇ ದನಿಯಾಗಿತ್ತಂತೆ. ಎರಡೂ ಕಡೆ ಕಂಪನಿಯನ್ನು ಕಾಪಾಡಿದ್ದು ದೊಡ್ಡವರ ಮಾತನ್ನು ತಡೆದು ನಿಲ್ಲಿಸಬಲ್ಲ ಕೈಕೆಳಗಿನ ಮನುಷ್ಯ.

ಅಂಥ ಮನುಷ್ಯರನ್ನೇ ಈಗ ಎಐ ಹೆಸರಲ್ಲಿ ಮನೆಗೆ ಕಳಿಸುತ್ತಿದ್ದಾರೆ! ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಉದಾಹರಣೆ ಸಾಕು. 2024ರ ಜುಲೈ 19ರಂದು ಅದರ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಪೆನ್ನಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಿಡಿದು ವಿಮಾನ ಹತ್ತಿದ್ದು ಆ ದಿನವೇ. ದಾಳಿಕೋರರು ಯಾರೂ ಇರಲಿಲ್ಲ. ಕಾವಲಿನ ಸಾಫ್ಟ್‌ವೇರೇ ಯಂತ್ರಗಳನ್ನು ಮಲಗಿಸಿತ್ತು. ವರ್ಷ ತುಂಬುವ ಮೊದಲೇ, 2025ರ ಮೇಯಲ್ಲಿ, ಅದೇ ಕಂಪನಿ ಎಐ ತರುವ ದಕ್ಷತೆಯ ಮಾತಾಡುತ್ತಾ ಶೇ 5ರಷ್ಟು ನೌಕರರನ್ನು ಕೈಬಿಟ್ಟಿತು.

ಎಐ ಬೇಡ ಎನ್ನುತ್ತಿಲ್ಲ. ಲಕ್ಷಾಂತರ ಲಾಗ್ ಸಾಲುಗಳಲ್ಲಿ ಅಸಹಜವಾದದ್ದನ್ನು ಹುಡುಕುವುದಕ್ಕೆ ಮನುಷ್ಯನ ಕಣ್ಣು ಸಾಲದು, ಯಂತ್ರ ಬೇಕೇ ಬೇಕು. ಆದರೆ ಯಂತ್ರ ಎತ್ತಿ ತೋರಿಸಿದ್ದು ನಿಜವೋ ಸುಳ್ಳೋ ಎಂದು ತೂಗಿ ನೋಡುವ ಹಿರಿಯ ತಜ್ಞ ಹುಟ್ಟಿಬರುವುದು ರಾತ್ರಿಪಾಳಿಯಲ್ಲಿ ಅಲರ್ಟ್‌ಗಳನ್ನು ನೋಡುತ್ತಾ ಕೂರುವ ಇಪ್ಪತ್ತೆರಡರ ಹುಡುಗ ಹುಡುಗಿಯರಿಂದ. ಬೆಂಗಳೂರಿನಲ್ಲಿ ಆ ಕೆಲಸವನ್ನೇ ತೆಗೆದುಹಾಕಿದರೆ ಹತ್ತು ವರ್ಷದ ನಂತರ ತಜ್ಞರನ್ನು ಎಲ್ಲಿಂದ ತರುತ್ತಾರೆ?

ಹೊರಗುತ್ತಿಗೆಯ ನಗರಕ್ಕೆ ಇನ್ನೊಂದು ಪಾಠವೂ ಇದೆ. ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಮಳಿಗೆಗಳ ಮೇಲೆ 2025ರ ಏಪ್ರಿಲ್‌ನಲ್ಲಿ ಸೈಬರ್ ದಾಳಿಯಾಯಿತು. ಕಂಪನಿ ಅಂದಾಜಿಸಿದ ನಷ್ಟ 30 ಕೋಟಿ ಪೌಂಡ್. ಬೇರೆಯವರ ಸೋಗು ಹಾಕಿ, ಹೊರಗಿನ ಸಂಸ್ಥೆಯೊಂದರ ಮೂಲಕ ಒಳಬಂದರು ಎಂದು ಅದರ ಅಧ್ಯಕ್ಷರು ಸಂಸದೀಯ ಸಮಿತಿಗೆ ಹೇಳಿದರು. ಸೋಗು ಹಾಕಲು ಎಐಯೇ ಬೇಕೆಂದಿಲ್ಲ, ಆದರೆ ಈಗ ಅದು ಅಗ್ಗವಾಗಿದೆ. ಇಂಥ ಸೋಗಿನ ಕರೆ ಹೆಲ್ಪ್‌ಡೆಸ್ಕಿಗೂ ಬರಬಹುದು, ಜಗತ್ತಿನ ಎಷ್ಟೋ ಹೆಲ್ಪ್‌ಡೆಸ್ಕ್ ಫೋನುಗಳು ರಿಂಗಣಿಸುವುದು ನಮ್ಮೂರುಗಳಲ್ಲಿ. ಒಂದು ಕರೆಯನ್ನು ಎಷ್ಟು ಬೇಗ ಮುಗಿಸಿದೆ ಎಂಬುದರ ಮೇಲೆ ಆ ನೌಕರರಿಗೆ ಅಂಕ. ನಿಧಾನಿಸಿ, ಮರುಕರೆ ಮಾಡಿ ಖಾತರಿಪಡಿಸಿಕೊಂಡವರಿಗೆ ಅಂಕ ಕಡಿಮೆ. ಈ ಲೆಕ್ಕ ಬರೆದವರು ಹ್ಯಾಕರ್‌ಗಳಲ್ಲ.

ಪೀಣ್ಯದ ಸಣ್ಣ ಕೈಗಾರಿಕೆಯವರು ಇದು ದೊಡ್ಡವರ ರಗಳೆ ಎಂದುಕೊಳ್ಳುವುದೂ ತಪ್ಪು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ' ಎಂಬ ಮೋಸ ಹಳೆಯದು. ಮೊದಲು ಆ ಪತ್ರಗಳ ಹರಕುಮುರುಕು ಭಾಷೆಯೇ ನಮ್ಮನ್ನು ಕಾಯುತ್ತಿತ್ತು. ಈಗ ಅವು ತಪ್ಪಿಲ್ಲದ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರಬಲ್ಲವು. ಇದಕ್ಕೆ ಮದ್ದು ಬಿಡಿಗಾಸೂ ಕೇಳುವುದಿಲ್ಲ: ಖಾತೆ ಬದಲಾವಣೆ ಎಂದರೆ ಪತ್ರದಲ್ಲಿರುವ ನಂಬರಿಗಲ್ಲ, ನಿಮ್ಮ ಹಳೇ ರಿಜಿಸ್ಟರಿನಲ್ಲಿರುವ ನಂಬರಿಗೆ ಕರೆ. ಯಜಮಾನರ ತಮ್ಮನ ಕಂಪನಿಯಾದರೂ ಸರಿ.

ಹೀಗೆ ಎಲ್ಲದಕ್ಕೂ ತಡೆಹಾಕಿದರೆ ವ್ಯವಹಾರದ ವೇಗ ಸಾಯುತ್ತದೆ ಎಂದು ಗೊಣಗುವವರಿದ್ದಾರೆ. ಎಲ್ಲದಕ್ಕೂ ಯಾರೂ ಕೇಳುತ್ತಿಲ್ಲ. ದೊಡ್ಡ ಮೊತ್ತ, ಹೊಸ ಖಾತೆ, ಪಾಸ್‌ವರ್ಡ್ ಬದಲಾವಣೆ, ಇಷ್ಟಕ್ಕೆ. ವೇಗದ ಚಿಂತೆ ನಿಜವಾಗಿ ಇರಬೇಕಾದದ್ದು ದಾಳಿಯಾದ ಮೇಲೆ. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಜನರ ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆಗೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯಡಿ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ತಪ್ಪು ಲಿಂಕ್ ಒತ್ತಿದವನನ್ನು ಮೊದಲು ಸಸ್ಪೆಂಡ್ ಮಾಡುವ ಕಚೇರಿಯಲ್ಲಿ ಆ ಆರು ಗಂಟೆಯೂ ಮುಚ್ಚಿಡುವುದರಲ್ಲೇ ಕಳೆಯುತ್ತದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂದು ಗೊತ್ತಿರುವವನು ಯಾಕೆ ಬಾಯಿಬಿಟ್ಟಾನು?

ಆದ್ದರಿಂದ ಎಐ ಭದ್ರತೆಗೆಂದು ಕೋಟಿಗಟ್ಟಲೆ ಮಂಜೂರು ಮಾಡುವ ಮುನ್ನ ನಿರ್ದೇಶಕ ಮಂಡಳಿಯವರು ಅಕೌಂಟ್ಸ್ ವಿಭಾಗಕ್ಕೆ ಒಂದು ಪ್ರಶ್ನೆ ಕೇಳಲಿ, ಎಂಡಿ ಎದುರಿಗಿಲ್ಲದಾಗ: ಕಳೆದ ವರ್ಷ ಸಾಹೇಬರ ಎಷ್ಟು ಪಾವತಿ ಸೂಚನೆಗಳನ್ನು ತಡೆಹಿಡಿದು ಮರುಕರೆ ಮಾಡಿದಿರಿ? ಸೊನ್ನೆ ಎಂದು ಉತ್ತರ ಬಂದರೆ ಆ ಬಜೆಟ್ಟಿಗೆ ಸಹಿ ಹಾಕಬೇಡಿ.