ಸೈಕಲ್ಲಿಗೆ ಎಂಜಿನ್ ಕೂರಿಸಿದವನನ್ನು ನಾವು ಕೇಳದೇ ಬಿಡುವ ಪ್ರಶ್ನೆಗಳು

‘ಹಳ್ಳಿ ಹುಡುಗನ ಸಾಧನೆ: ಪೆಟ್ರೋಲಿನಲ್ಲಿ ಓಡುವ ಸೈಕಲ್ ಆವಿಷ್ಕಾರ.’ ಇಂಥ ಸುದ್ದಿಯನ್ನು ನೀವೂ ಓದಿರುತ್ತೀರಿ. ಸೈಕಲ್ ಹಿಡಿದು ನಿಂತ ಹುಡುಗ, ಪಕ್ಕದಲ್ಲಿ ಹೆಡ್‌ಮಾಸ್ಟರು, ಹೆಗಲ ಮೇಲೊಂದು ಶಾಲು. ಖರ್ಚೆಷ್ಟು, ಲೀಟರಿಗೆ ಎಷ್ಟು ಕಿಲೋಮೀಟರ್, ಸರ್ಕಾರ ಪ್ರೋತ್ಸಾಹಿಸಬೇಕು... ಅಲ್ಲಿಗೆ ವರದಿ ಮುಗಿಯಿತು. ಆ ಎಂಜಿನ್ ಚಕ್ರವನ್ನು ಹೇಗೆ ತಿರುಗಿಸುತ್ತದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಹುಡುಗನ ಕೈಚಳಕ ಇರುವುದೇ ಆ ಸಾಲಿನಲ್ಲಿ.

ನಮ್ಮ ಮಲೆನಾಡಿನ ಕಡೆ ಇಂಥ ಸೈಕಲ್ಲಿಗೆ ಸುಲಭವಾಗಿ ಸಿಗುವ ಎಂಜಿನ್ ಅಂದರೆ ಕಳೆ ಕೊಚ್ಚುವ ಮಷಿನ್ನಿನದು. ಉದ್ದನೆಯ ಕೊಳವೆ ಬಾಗಿಯೋ ಬ್ಲೇಡಿನ ಕಡೆಯ ಗೇರು ಸವೆದೋ ಮಷಿನ್ ಮೂಲೆ ಸೇರಿದರೂ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಅದರಲ್ಲೇ ಒಂದು ಕ್ಲಚ್ಚು ಇದೆ. ಆಕ್ಸಿಲರೇಟರ್ ಏರಿಸಿದಾಗ ಒಳಗಿನ ತುಂಡುಗಳು ವೇಗಕ್ಕೆ ಹೊರಕ್ಕೆ ಅಗಲಿ ಡ್ರಮ್ಮನ್ನು ಹಿಡಿಯುತ್ತವೆ, ಇಳಿಸಿದರೆ ಬಿಡುತ್ತವೆ. ಆ ಡ್ರಮ್ಮಿಗೆ ಲೇತಿನಲ್ಲಿ ಕಡೆಸಿದ ಒಂದು ರೋಲರ್ ಜೋಡಿಸಿ, ಎಂಜಿನ್ನನ್ನು ಕ್ಯಾರಿಯರ್ ಜಾಗದಲ್ಲಿ ಕೂರಿಸಿ, ರೋಲರನ್ನು ಹಿಂದಿನ ಟಯರಿಗೆ ಒತ್ತಿದರಾಯಿತು. ಎಂಜಿನ್ನಿಗೆ ಬೇರೆ ಚೈನಿಲ್ಲ, ಗೇರಿಲ್ಲ. ಪೆಟ್ರೋಲ್ ಮುಗಿದರೆ ರೋಲರ್ ಎತ್ತಿ ಕಟ್ಟಿ ಪೆಡಲ್ ತುಳಿದುಕೊಂಡು ಮನೆಗೆ ಬರಬಹುದು.

ಇದನ್ನು ಆವಿಷ್ಕಾರ ಎನ್ನಲಾಗದು. ಫ್ರಾನ್ಸಿನಲ್ಲಿ 1946ರಲ್ಲೇ ವೆಲೋಸೊಲೆಕ್ಸ್ ಎಂಬ ಗಾಡಿ ಮಾರಾಟಕ್ಕೆ ಬಂದಿತ್ತು. ಮುಂದಿನ ಚಕ್ರದ ಮೇಲೆ ಎಂಜಿನ್, ಟಯರಿಗೆ ಒತ್ತುವ ರೋಲರ್. ಹಾಗೆಂದರೆ ನಮ್ಮ ಹುಡುಗರಿಗೆ ಅವಮಾನವೇನಿಲ್ಲ. ಗುಜರಿ ಸಾಮಾನಿನಿಂದ ಅದನ್ನೇ ಕಟ್ಟಿ ಓಡಿಸುವುದಕ್ಕೆ ತಲೆಯೂ ಬೇಕು, ಕೈಯೂ ಬೇಕು.

ರೋಲರಿನ ಲೆಕ್ಕವನ್ನೇ ನೋಡಿ. ಚಕ್ರ 22 ಇಂಚಿನದೋ 26 ಇಂಚಿನದೋ, ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ರೋಲರಿನ ಅಂಚು ಎಷ್ಟು ವೇಗವಾಗಿ ಓಡುತ್ತದೋ ಸೈಕಲ್ಲೂ ಅಷ್ಟೇ. ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ 25 ಮಿಲಿಮೀಟರ್ ವ್ಯಾಸದ ರೋಲರ್ ಗಂಟೆಗೆ ಸುಮಾರು 33 ಕಿ.ಮೀ. ಕೊಡುತ್ತದೆ. ಅದೇ 30 ಮಿಲಿಮೀಟರ್ ಆದರೆ ಸುಮಾರು 40. ಲೇತಿನವನು ಬಿಟ್ಟ ಐದು ಮಿಲಿಮೀಟರ್ ರಸ್ತೆಯಲ್ಲಿ ಏಳು ಕಿಲೋಮೀಟರ್ ವೇಗವಾಗುತ್ತದೆ! ದೊಡ್ಡ ರೋಲರಿಗೆ ಏರು ಹತ್ತುವ ಶಕ್ತಿ ಕಡಿಮೆ ಎಂಬುದು ಬೇರೆ ಮಾತು. ಮಳೆಗಾಲದಲ್ಲಂತೂ ಒದ್ದೆ ಟಯರಿನ ಮೇಲೆ ರೋಲರ್ ಜಾರುತ್ತದೆ. ಹಿಡಿತ ಸಿಗಲೆಂದು ಅದಕ್ಕೆ ಹಲ್ಲು ಕೊರೆಸಿದರೆ ಟಯರು ಬೇಗ ಸವೆಯುತ್ತದೆ.

ಈಗ ಬ್ರೇಕಿಗೆ ಬರೋಣ. ಎಲ್ಲ ಫೋಟೋಗಳಲ್ಲೂ ಇದ್ದು ಯಾವ ವರದಿಯಲ್ಲೂ ಇಲ್ಲದ ಭಾಗ ಅದು. ಸಾದಾ ಸೈಕಲ್ಲಿನ ರಬ್ಬರ್ ಗಟ್ಟಿಗಳು ತುಳಿಯುವವನ ವೇಗಕ್ಕೆ ಸಾಕು. 15 ಕಿ.ಮೀ. ವೇಗದ ಸೈಕಲ್ 30ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೇ ಬ್ರೇಕು ಹಿಡಿದರೆ ಗಾಡಿ ನಿಲ್ಲಲು ಬೇಕಾಗುವ ದೂರವೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಗದ್ದೆ ಬದಿಯ ರಸ್ತೆಗೆ ದನ ನುಗ್ಗಿದಾಗ, ಶಾಲೆ ಬಿಟ್ಟ ಮಕ್ಕಳು ಓಡಿ ಬಂದಾಗ ಅಷ್ಟು ದೂರ ಯಾರು ಕೊಡುತ್ತಾರೆ?

ಕಾನೂನಿನ ಕಥೆ ಇನ್ನೂ ವಿಚಿತ್ರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ನಿನ ಗಾಡಿ ಮೋಟಾರು ವಾಹನವೇ ಅಲ್ಲ. ಹೋಂಡಾ ಕಂಪನಿಯ ಜಿಎಕ್ಸ್25 ಎಂಜಿನ್ 25 ಸಿಸಿ, ಅದರಣ್ಣ ಜಿಎಕ್ಸ್35 ಸುಮಾರು 36 ಸಿಸಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದು ಕೂತರೆ ಅದು ಸೈಕಲ್. ಎರಡನೆಯದು ಕೂತರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಬೇಕಾದ ವಾಹನ. ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಸಿಗುವುದು ಬಹುತೇಕ ಆಗದ ಮಾತು. ಬ್ಯಾಟರಿ ಸೈಕಲ್ಲಿಗೆ ವಿನಾಯಿತಿ ಬೇಕಾದರೆ 25 ಕಿ.ಮೀ. ವೇಗದ ಮಿತಿ ಇದೆ. ಪೆಟ್ರೋಲ್ ಸೈಕಲ್ಲಿನ ವಿನಾಯಿತಿಯಲ್ಲಿ ಸಿಸಿ ಮಾತ್ರ ಇದೆ, ವೇಗದ ಮಾತೇ ಇಲ್ಲ. ಈ ಲೋಪದ ಬಗ್ಗೆ ಬರೆಯಬೇಕಾದವರು ನಾವಲ್ಲದೆ ಇನ್ಯಾರು?

ವಿನಾಯಿತಿಗೆ ಇನ್ನೊಂದು ಮುಖವೂ ಇದೆ. ಮೋಟಾರು ವಾಹನವಲ್ಲದ್ದಕ್ಕೆ ಮೂರನೆಯವರ ವಿಮೆ ಕಡ್ಡಾಯವಿಲ್ಲ. ಈ ಸೈಕಲ್ ಒಬ್ಬ ಅಜ್ಜಿಗೆ ಗುದ್ದಿ ಸೊಂಟ ಮುರಿದರೆ ಪರಿಹಾರ ಕೊಡಲು ಯಾವ ಕಂಪನಿಯೂ ಇರುವುದಿಲ್ಲ. ಆ ಹುಡುಗನ ಅಪ್ಪನ ಜೇಬೇ ಗತಿ. ಶಾಲು ಹೊದಿಸಿದವರು ಆವತ್ತು ಆಸ್ಪತ್ರೆ ಕಡೆ ಬರುತ್ತಾರೆಯೇ?

‘ಹುಡುಗರ ಉತ್ಸಾಹಕ್ಕೆ ತಣ್ಣೀರೆರಚಬೇಡಿ’ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಕೂತು ಮಾತಾಡಿ ನೋಡಿ. ರೋಲರಿನ ವ್ಯಾಸ, ಸ್ಪ್ರಿಂಗಿನ ಬಿಗಿ ಕೇಳಿದರೆ ಆ ಹುಡುಗರು ಗಂಟೆಗಟ್ಟಲೆ ಹೇಳುತ್ತಾರೆ, ನೆಲದ ಮೇಲೆ ಚಿತ್ರ ಬರೆದು ತೋರಿಸುತ್ತಾರೆ. ಬ್ರೇಕಿನ ಬಗ್ಗೆ ಕೇಳಿದರೂ ಸಿಟ್ಟಾಗುವುದಿಲ್ಲ, ಯೋಚಿಸುತ್ತಾರೆ. ಮೈಲೇಜು ಎಷ್ಟು ಅಂತ ಕೇಳಿ, ಬರೆದುಕೊಂಡು ಬೈಕ್ ಹತ್ತುವ ವರದಿಗಾರನಿಗಿಂತ ಇಂಥ ಪ್ರಶ್ನೆ ಕೇಳುವವನ ಮೇಲೆ ಅವರಿಗೆ ವಿಶ್ವಾಸ ಜಾಸ್ತಿ.

ಆದ್ದರಿಂದ ಮುಂದಿನ ಸಲ ಇಂಥ ಸುದ್ದಿಗೆ ಹೋಗುವ ಗೆಳೆಯರೇ, ಸೈಕಲ್ಲನ್ನು ಒಮ್ಮೆ ನೀವೇ ಓಡಿಸಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿ. ಹುಡುಗನ ಫೋಟೋ ತೆಗೆದ ಮೇಲೆ ಸಿಸಿ ಎಷ್ಟೆಂದು ಬರೆದಿರುವ ಎಂಜಿನ್ನಿನ ಚೀಟಿಯದ್ದೂ ಒಂದು ಫೋಟೋ ತೆಗೆದುಕೊಳ್ಳಿ.