ಹೆಸರು ಒಂದೇ, ಮನೆ ಬೇರೆ

ಮಾವು ‘ಮ್ಯಾಂಜಿಫೆರಾ ಇಂಡಿಕಾ’, ಹುಣಸೆ ‘ಟ್ಯಾಮರಿಂಡಸ್ ಇಂಡಿಕಾ’, ಬೇವು ‘ಅಜಡಿರಾಕ್ಟಾ ಇಂಡಿಕಾ’. ಜೀವಶಾಸ್ತ್ರದ ಪಾಠವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಈ ಮೂರೂ ಮರಗಳು ಒಂದೇ ವಂಶದವೆಂದು ತೋರುವುದು ಸಹಜ. ಆದರೆ ಮಾವು ಗೇರುಮರದ ಕುಟುಂಬಕ್ಕೆ, ಹುಣಸೆ ಅವರೆ ತೊಗರಿಗಳ ಕುಟುಂಬಕ್ಕೆ, ಬೇವು ಮಹಾಗನಿಯ ಕುಟುಂಬಕ್ಕೆ ಸೇರಿದೆ. ಪಶ್ಚಿಮ ಘಟ್ಟದ ಕೆಂದಳಿಲಿಗೂ ‘ರಟುಫಾ ಇಂಡಿಕಾ’ ಎಂದೇ ಹೆಸರು. ಜಬಲಪುರದ ಬಳಿ ದೊರೆತ ಬಾಲದ ಮೂಳೆಗಳ ಪಳೆಯುಳಿಕೆಯನ್ನು ಆಧರಿಸಿ ರಿಚರ್ಡ್ ಲಿಡೆಕರ್ 1877ರಲ್ಲಿ ನಾಮಕರಣ ಮಾಡಿದ ಡೈನೋಸಾರ್ ‘ಟೈಟನೋಸಾರಸ್ ಇಂಡಿಕಸ್’. ಕೊನೆಯಕ್ಷರದ ವ್ಯತ್ಯಾಸ ಲ್ಯಾಟಿನ್ ವ್ಯಾಕರಣದ ಲಿಂಗಭೇದದಿಂದ ಬಂದುದು. ಆ ಭಾಷೆಯಲ್ಲಿ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಆದ್ದರಿಂದಲೇ ‘ಟ್ಯಾಮರಿಂಡಸ್’ ಎಂಬ ಗಂಡುದನಿಯ ಪದದ ಪಕ್ಕದಲ್ಲಿಯೂ ‘ಇಂಡಿಕಾ’ ನಿಂತಿದೆ.

ದ್ವಿನಾಮ ಪದ್ಧತಿಯನ್ನು ಸ್ವೀಡನ್ನಿನ ಕಾರ್ಲ್ ಲಿನೇಯಸ್ ಸಸ್ಯಗಳಿಗೆ 1753ರಲ್ಲಿಯೂ ಪ್ರಾಣಿಗಳಿಗೆ 1758ರಲ್ಲಿಯೂ ವ್ಯವಸ್ಥಿತವಾಗಿ ಅನ್ವಯಿಸಿದರು. ಇದರ ಕ್ರಮ ದಕ್ಷಿಣ ಭಾರತೀಯರಿಗೆ ಅಪರಿಚಿತವೇನಲ್ಲ: ಮನೆತನದ ಹೆಸರು ಮೊದಲು, ಸ್ವಂತ ಹೆಸರು ಅನಂತರ. ನಂಟನ್ನು ತಿಳಿಸುವುದು ಜಾತಿಯನ್ನು ಸೂಚಿಸುವ ಮೊದಲ ಪದ. ‘ಇಂಡಿಕಾ’ ಎಂಬುದು ‘ಭಾರತದ’ ಎಂಬರ್ಥದ ವಿಶೇಷಣ ಮಾತ್ರ. ಒಂದೇ ಗ್ರಾಮದಲ್ಲಿ ಇಬ್ಬರು ನಾರಾಯಣರಿದ್ದರೆ ಜಮೀನಿನ ದಸ್ತಾವೇಜು ಅವರ ಮನೆತನವನ್ನೂ ತಂದೆಯ ಹೆಸರನ್ನೂ ಕೇಳುತ್ತದೆ. ಹೆಸರು ಒಂದೇ ಎಂಬ ಮಾತ್ರಕ್ಕೆ ಅವರನ್ನು ದಾಯಾದಿಗಳೆಂದು ಯಾವ ನ್ಯಾಯಾಲಯವೂ ಊಹಿಸದು. ಪರೀಕ್ಷೆಯಲ್ಲಿ ‘ಇಂಡಿಕಾ’ ಎಂದಷ್ಟೇ ಬರೆದ ಉತ್ತರ ಮಾವಿಗೂ ಸಲ್ಲುತ್ತದೆ, ಅಳಿಲಿಗೂ ಸಲ್ಲುತ್ತದೆ. ಅಂಕ ಮಾತ್ರ ಸಲ್ಲುವುದಿಲ್ಲ.

ಹೋಗಲಿ, ‘ಭಾರತದ’ ಎಂಬ ಆ ಸಾಕ್ಷ್ಯವಾದರೂ ನಂಬತಕ್ಕದ್ದೇ? ಹುಣಸೆಯ ಮೂಲನೆಲೆ ಆಫ್ರಿಕಾ. ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು ಇಲ್ಲಿಯದೇ ಆಗಿ ಬೆಳೆದ ಆ ಮರದ ಹಣ್ಣನ್ನು ಅರಬ್ಬರು ‘ತಮ್ರ್ ಹಿಂದಿ’, ಅಂದರೆ ಭಾರತದ ಖರ್ಜೂರವೆಂದು ಕರೆದರು. ‘ಟ್ಯಾಮರಿಂಡಸ್’ ಹುಟ್ಟಿದ್ದು ಅದರಿಂದ. ಹೀಗೆ ಆಫ್ರಿಕಾ ಮೂಲದ ಮರವೊಂದು ತನ್ನ ಹೆಸರಿನಲ್ಲಿ ಭಾರತವನ್ನು ಎರಡು ಸಲ ಹೊತ್ತಿದೆ! ಉದ್ಯಾನಗಳ ಹೂಗಿಡ ‘ಕ್ಯಾನಾ ಇಂಡಿಕಾ’ ಅಮೆರಿಕ ಖಂಡದ್ದು. ಮಲಯ ಪರ್ಯಾಯ ದ್ವೀಪ ಹಾಗೂ ಸುಮಾತ್ರಾದ ಕಾಡುಗಳಲ್ಲಿ ವಾಸಿಸುವ ಟೇಪಿರ್ ಎಂಬ ಪ್ರಾಣಿಯೂ ‘ಟೇಪಿರಸ್ ಇಂಡಿಕಸ್’. ಹಿಂದಿನ ಐರೋಪ್ಯರ ಬಾಯಲ್ಲಿ ‘ಇಂಡಿಯಾ’ದ ಮೇರೆ ಅಷ್ಟು ವಿಶಾಲವಾಗಿತ್ತು.

ತಪ್ಪೆಂದು ತಿಳಿದ ಮೇಲೆ ತಿದ್ದಬಾರದೇ ಎಂದು ಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕ್ರಮಬದ್ಧವಾಗಿ ಪ್ರಕಟವಾದ ಹೆಸರನ್ನು, ಅದರ ಅರ್ಥ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗದೆಂಬುದು ಸಸ್ಯನಾಮಗಳ ಅಂತಾರಾಷ್ಟ್ರೀಯ ನಿಯಮಾವಳಿಯ ವಿಧಿ. ಅದರಂತೆ 1753ರ ‘ಟ್ಯಾಮರಿಂಡಸ್ ಇಂಡಿಕಾ’ ಇಂದಿಗೂ ಹುಣಸೆಯ ಅಧಿಕೃತ ಹೆಸರು.