ವಾರ್ಡರನ ಸಂಕಟ ಯಾವ ಕಡತದಲ್ಲೂ ಇಲ್ಲ

ಸಂಜೆ ಲಾಕಪ್ ವೇಳೆಗೆ ವಾರ್ಡರ್ ಬ್ಯಾರಕ್ಕಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾನೆ. ಲೆಕ್ಕ ತಾಳೆಯಾದರೆ ಬೀಗ ಬೀಳುತ್ತದೆ. ಒಂದು ತಲೆ ಕಡಿಮೆ ಬಂದರೆ ಹುಡುಕಾಟ. ಮೂಲೆಯಲ್ಲೆಲ್ಲೋ ಉಸಿರು ನಿಂತ ಕೈದಿ ಸಿಕ್ಕರೆ, ಆ ದೇಹವನ್ನು ಮೊದಲು ಕಾಣುವವನೂ ಮೊದಲು ಮುಟ್ಟುವವನೂ ಅವನೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದ ಜೈಲುಗಳಲ್ಲಿ 119 ಕೈದಿಗಳು ಆತ್ಮಹತ್ಯೆ ಮಾಡಿಕೊಂಡರು. ಆ ದೃಶ್ಯಗಳನ್ನು ಕಂಡ ಸಿಬ್ಬಂದಿ ಎಷ್ಟು ಮಂದಿ ಎಂಬ ಲೆಕ್ಕ ಆ ವರದಿಯಲ್ಲಿಲ್ಲ.

ಆಮೇಲೆ ಮ್ಯಾಜಿಸ್ಟ್ರೇಟ್ ವಿಚಾರಣೆ, ಹೇಳಿಕೆ, ಮೆಮೊ. ಇವೆಲ್ಲ ಬೇಕಾದವೇ, ಕಸ್ಟಡಿ ಸಾವಿಗೆ ಯಾರಾದರೂ ಉತ್ತರ ಕೊಡಲೇಬೇಕು. ಆದರೆ ‘ಎಷ್ಟು ಗಂಟೆಗೆ ನೋಡಿದೆ’ ಎಂದು ಕೇಳುವ ವ್ಯವಸ್ಥೆ ‘ರಾತ್ರಿ ನಿದ್ದೆ ಬರ್ತಿದೆಯಾ’ ಎಂದು ಕೇಳುವುದಿಲ್ಲ. ಮರುದಿನ ಅದೇ ಬ್ಯಾರಕ್, ಅದೇ ಬೀಗದ ಕೈ.

2025ರ ಜನವರಿ 16ರಂದು ಬೀದರ್ ನಗರದಲ್ಲಿ ಎಟಿಎಂ ಹಣ ಸಾಗಿಸುವವರ ಮೇಲೆ ದರೋಡೆಕೋರರು ಹಾಡಹಗಲೇ ಗುಂಡು ಹಾರಿಸಿ ಒಬ್ಬ ಸಿಬ್ಬಂದಿಯನ್ನು ಕೊಂದಾಗ ಇಡೀ ಜಿಲ್ಲೆ ಮರುಗಿತು. ಜೈಲಿನ ಗೋಡೆಯೊಳಗೆ ಕೆಲಸ ಮಾಡುವವರಿಗೆ ಆ ಮರುಕ ದಕ್ಕಿಲ್ಲ. ಅವರು ಸುದ್ದಿಯಾಗುವುದು ಅಮಾನತಾದಾಗ ಮಾತ್ರ. ಪರಪ್ಪನ ಅಗ್ರಹಾರ ಜೈಲಿನಲ್ಲಿ ಕೈದಿಯಾಗಿದ್ದ ನಟ ದರ್ಶನ್ ಫೋಟೋ ಹೊರಬಿದ್ದು ಸಿಬ್ಬಂದಿ ಅಮಾನತಾದ 2024ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಂಡರೆ ಸಾಕು.

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಕೈದಿ ಕನ್ನಡದಲ್ಲಿ ಗೋಳಾಡಬಹುದು, ಮರಾಠಿಯಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲೂ ಗೋಳಾಡಬಹುದು. ಮುಲಾಖತ್ತಿಗೆ ಬಂದ ತಾಯಿಯ ಅಳುವನ್ನೂ ಕೇಳಿಸಿಕೊಳ್ಳುವವನು ವಾರ್ಡರನೇ. ಆರು ಕೈದಿಗಳಿಗೆ ಒಬ್ಬ ಕಾವಲುಗಾರ ಬೇಕೆನ್ನುತ್ತದೆ 2016ರ ಮಾದರಿ ಕಾರಾಗೃಹ ಕೈಪಿಡಿ. ದೇಶದಲ್ಲಿ ಜೈಲು ಸಿಬ್ಬಂದಿಯ ಹುದ್ದೆಗಳು ಶೇ 30ರ ಆಸುಪಾಸಿನಲ್ಲಿ ಖಾಲಿ ಇವೆ. ಇದ್ದವರ ಮೇಲೆಯೇ ಭಾರ.

ಆಘಾತ ಉಂಡವರು ಮುರಿದೇ ಹೋಗುತ್ತಾರೆ ಎಂದೇನಿಲ್ಲ. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ ಇದನ್ನೇ ಅಧ್ಯಯನ ಮಾಡಿದರು: ಎಷ್ಟೋ ಜನ ಸಂಬಂಧಗಳಲ್ಲಿ, ಬದುಕಿನ ಆದ್ಯತೆಗಳಲ್ಲಿ ಮೊದಲಿಗಿಂತ ಗಟ್ಟಿಯಾಗುತ್ತಾರೆ. ಆದರೆ ಆ ಬೆಳವಣಿಗೆ ಆಘಾತದ ಕೊಡುಗೆಯಲ್ಲ, ಅದರೊಂದಿಗೆ ಗುದ್ದಾಡಿದ್ದರ ಫಲ. ನೋವೂ ಪಕ್ಕದಲ್ಲೇ ಉಳಿದಿರುತ್ತದೆ ಎಂದೂ ಅವರು ಹೇಳಿದರು. ‘ಖಾಕಿ ತೊಟ್ಟವನು ಗಟ್ಟಿಗನಾಗಿರಬೇಕು’ ಎಂದು ಬೆನ್ನು ತಟ್ಟುವವರು ಈ ಮಾತಿನ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದಾರೆ. ಗುದ್ದಾಡುವವನಿಗೆ ಜೊತೆಗಾರ ಬೇಕು. ಬ್ರಿಟನ್ನಿನ ಜೈಲುಗಳಲ್ಲಿ ಇಂಥ ಘಟನೆಯಾದ ಮೇಲೆ ತರಬೇತಿ ಪಡೆದ ಸಹೋದ್ಯೋಗಿಯೇ ಕೂತು ಮಾತಾಡಿಸುವ ಪದ್ಧತಿಯಿದೆ. ಅದು ಅಲ್ಲಿನ ರಾಯಲ್ ಮರೀನ್ಸ್ ಪಡೆಯಲ್ಲಿ ರೂಪುಗೊಂಡದ್ದು.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಇರುವುದು ಮನೋರೋಗವುಳ್ಳ ಕೈದಿಗಳಿಗಾಗಿ. ಅದು ಸರಿಯೇ, ಕಾವಲುಗಾರನ ಪ್ರಸ್ತಾಪ ಮಾತ್ರ ಅಲ್ಲಿಲ್ಲ.

ಕಾವಲುಗಾರನಿಗೂ ಅಂಥ ಜೊತೆ ಒದಗಿಸಲು ಹೊಸ ಕಟ್ಟಡ ಬೇಕಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಬಳ್ಳಾರಿ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದು ಹುಟ್ಟಿದ್ದು ಕಲ್ಯಾಣ ಕರ್ನಾಟಕದ ನೆಲದಲ್ಲೇ. ಬೀದರ್‌ನಲ್ಲಿ ಬ್ರಿಮ್ಸ್ ವೈದ್ಯಕೀಯ ಕಾಲೇಜು ಇದೆ. ತುರ್ತಿಗೆ 14416ರ ಟೆಲಿ ಮಾನಸ್ ಸಹಾಯವಾಣಿ ಇದೆ. ಆದರೆ ಬೇಕಿದ್ದವರು ಕರೆ ಮಾಡಲಿ ಎಂದರೆ ಯಾವ ವಾರ್ಡರನೂ ಮಾಡುವುದಿಲ್ಲ. ‘ತಲೆ ಕೆಟ್ಟಿದೆ’ ಎಂಬ ಹಣೆಪಟ್ಟಿಗೆ, ಬಡ್ತಿ ತಪ್ಪೀತೆಂಬ ಅಂಜಿಕೆಗೆ ಸುಮ್ಮನಿರುತ್ತಾನೆ. ಆದ್ದರಿಂದ ಜೈಲಿನಲ್ಲಿ ಸಾವು ಅಥವಾ ಹಲ್ಲೆ ನಡೆದಾಗ ಡ್ಯೂಟಿಯಲ್ಲಿದ್ದ ಎಲ್ಲರಿಗೂ ಆಪ್ತಸಮಾಲೋಚನೆ ಕಡ್ಡಾಯವಾಗಲಿ, ಅದರ ವಿವರ ಸೇವಾ ಪುಸ್ತಕಕ್ಕೆ ಹೋಗದಿರಲಿ. ಘಟನಾ ವರದಿಯ ನಮೂನೆಗೆ ಕಾರಾಗೃಹ ಇಲಾಖೆ ಒಂದೇ ಒಂದು ಕಾಲಂ ಸೇರಿಸಲಿ: ಸಿಬ್ಬಂದಿಯನ್ನು ಸಮಾಲೋಚನೆಗೆ ಕಳಿಸಿದ ದಿನಾಂಕ.